ಅಂಕಪಟ್ಟಿಯ ಆಯುಷ್ಯ ಎಷ್ಟು?

ಪರೀಕ್ಷೆಯ ಫಲಿತಾಂಶದ ದಿನಗಳು ಬಂದವೆಂದರೆ ಮಕ್ಕಳಿಗಿಂತ ಹೆಚ್ಚಾಗಿ ತಾಯಿತಂದೆಯರ ಎದೆ ಬಡಿದುಕೊಳ್ಳುತ್ತದೆ. ನೌಕರಿಗಾಗಿಯೋ ವ್ಯಾಪಾರಕ್ಕಾಗಿಯೋ ಘಟ್ಟ ಇಳಿದು ಬಂದು ಕುಮಟಾ, ಹೊನ್ನಾವರ, ಭಟ್ಕಳಗಳಲ್ಲಿ ನೆಲೆಸಿದ ನಮ್ಮ ಸಮಾಜದ ಕುಟುಂಬಗಳನ್ನು ಕಾಣಲು ನಾವು ಹೋದಾಗ ಈ ಮಾತು ಮನದಟ್ಟಾಯಿತು. ಹೊನ್ನಾವರದ ಒಂದು ಮನೆಯಲ್ಲಿ ತಾಯಿಯೊಬ್ಬರು ಚಹಾ ತಂದಿಟ್ಟು, ದನಿ ತಗ್ಗಿಸಿ ಕೇಳಿದರು: "ನಮ್ಮ ಹುಡುಗಗ ಬಿ.ಎಸ್ಸಿ.ಯೊಳಗ ಐವತ್ತೆರಡು ಪರ್ಸೆಂಟ್ ಬಂದೈತ್ರೀ. ಇನ್ನ ಅವನ ಕತಿ ಮುಗೀತು ಅಂತಾರ ಎಲ್ಲಾರೂ. ಖರೇನ ಏನ್ರೀ ಅಣ್ಣಾರ?" ಹುಡುಗ ಒಳಕೋಣೆಯಿಂದ ಹೊರಗೆ ಬರಲೇ ಇಲ್ಲ.

ಅಂದು ನಾವು ಎರಡು ಸಮಾಧಾನದ ಮಾತು ಹೇಳಿ ಎದ್ದೆವು. ಆದರೆ ಆ ತಾಯಿ ಕೇಳಿದ್ದು ಸಮಾಧಾನವನ್ನಲ್ಲ, ಉತ್ತರವನ್ನು. ಅದನ್ನು ಇಲ್ಲಿ ಕೊಡಲು ಯತ್ನಿಸಿದ್ದೇವೆ.

ಮೊದಲು ತಿಳಿಯಬೇಕಾದುದು, ಅಂಕಗಳು ಎರಡು ಬಗೆಯ ಕೆಲಸ ಮಾಡುತ್ತವೆ ಎಂಬುದು. ಕೆಲವೆಡೆ ಅವು ಬಾಗಿಲು; ಇಷ್ಟಿದ್ದರೆ ಒಳಗೆ, ಇಲ್ಲದಿದ್ದರೆ ಹೊರಗೆ. ಕೆಲವೆಡೆ ಅವು ತಕ್ಕಡಿ. ಯಾರಿಗೆ ಹೆಚ್ಚೋ ಅವರಿಗೆ ಹುದ್ದೆ. ಉಳಿದ ಅನೇಕ ಕಡೆಗಳಲ್ಲಿ ಅವನ್ನು ಗಣಿಸುವುದೇ ಇಲ್ಲ.

ಬಾಗಿಲಿನ ಮಾತು ನೋಡೋಣ. ಬಿ.ಎಡ್. ಪ್ರವೇಶಕ್ಕೆ ಪದವಿಯಲ್ಲಿ ಸಾಮಾನ್ಯವಾಗಿ ಶೇ. 50 ಬೇಕು. ಕಾಲೇಜು ಅಧ್ಯಾಪಕರಾಗಲು ಬರೆಯುವ ಯು.ಜಿ.ಸಿ. ನೆಟ್ ಪರೀಕ್ಷೆಗೆ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಬೇಕು, ಮೀಸಲು ವರ್ಗಗಳಿಗೆ ಶೇ. 50. ರಿಸರ್ವ್ ಬ್ಯಾಂಕಿನ 'ಬಿ' ಶ್ರೇಣಿಯ ಅಧಿಕಾರಿ ಹುದ್ದೆಗೆ ಸಾಮಾನ್ಯ ಅಭ್ಯರ್ಥಿಗಳು ಪದವಿಯಲ್ಲಿ ಶೇ. 60 ಇಲ್ಲವೇ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಪಡೆದಿರಬೇಕು. ಕಾಲೇಜಿಗೇ ಬಂದು ಆಯ್ಕೆ ಮಾಡುವ ಅನೇಕ ಸಾಫ್ಟ್‌ವೇರ್ ಕಂಪನಿಗಳು ಎಸ್.ಎಸ್.ಎಲ್.ಸಿ.ಯಿಂದ ಪದವಿಯವರೆಗೆ ಎಲ್ಲೆಡೆ ಶೇ. 60 ಕೇಳುವುದುಂಟು. ಇಂಥ ಬಾಗಿಲುಗಳ ಮುಂದೆ ಒಂದು ಅಂಕದ ಕೊರತೆಯೂ ಕೊರತೆಯೇ. ಇದನ್ನು ಮಕ್ಕಳಿಗೆ ಪದವಿಯ ಮೊದಲ ವರ್ಷದಲ್ಲಿಯೇ ತಿಳಿಸುವುದು ಹಿರಿಯರ ಕರ್ತವ್ಯ. ಕೊನೆಯ ವರ್ಷದಲ್ಲಿ ತಿಳಿಸಿದರೆ ಫಲವಿಲ್ಲ.

ತಕ್ಕಡಿಯ ಉದಾಹರಣೆ ನಮ್ಮ ಹಳ್ಳಿಗಳಲ್ಲಿಯೇ ಇದೆ. ಗ್ರಾಮೀಣ ಅಂಚೆ ಸೇವಕರ ಆಯ್ಕೆ ನಡೆಯುವುದು ಹತ್ತನೆಯ ತರಗತಿಯ ಅಂಕಗಳ ಮೇಲೆ. ಮುಂದೆ ಎಷ್ಟೇ ಓದಿದ್ದರೂ ಅಲ್ಲಿ ಲೆಕ್ಕಕ್ಕೆ ಬರುವುದು ಹದಿನಾರರ ಹರೆಯದಲ್ಲಿ ಗಳಿಸಿದ್ದೇ. ಗ್ರಾಮಲೆಕ್ಕಿಗರ ಹುದ್ದೆಗೂ ಹಿಂದೆ ಪಿ.ಯು.ಸಿ. ಅಂಕಗಳೇ ಆಧಾರವಾಗಿದ್ದವು. 2024ರಲ್ಲಿ ಆ ಪದ್ಧತಿ ಬದಲಾಗಿ, ಗ್ರಾಮ ಆಡಳಿತ ಅಧಿಕಾರಿ ಎಂಬ ಹೆಸರಿನ ಅದೇ ಹುದ್ದೆಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಸ್ಪರ್ಧಾತ್ಮಕ ಪರೀಕ್ಷೆ ನಡೆಸಿತು. ಹಳೆಯ ಅಂಕಗಳಿಂದ ಹಿಂದುಳಿದವರಿಗೆ ಹೊಸ ಅವಕಾಶವೊಂದು ಒದಗಿದಂತಾಯಿತು.

ಇನ್ನು ಅಂಕಗಳನ್ನು ಗಣಿಸದ ಕ್ಷೇತ್ರ ಕಿರಿದೇನಲ್ಲ. ಐ.ಎ.ಎಸ್. ಮೊದಲಾದ ಸೇವೆಗಳ ಪರೀಕ್ಷೆಗೆ ಯಾವುದೇ ಪದವಿ ಸಾಕು; ಇಂತಿಷ್ಟು ಶೇಕಡಾ ಎಂಬ ನಿಬಂಧನೆಯಿಲ್ಲ. ಐ.ಬಿ.ಪಿ.ಎಸ್. ಮೂಲಕ ನಡೆಯುವ ಬ್ಯಾಂಕು ನೇಮಕಾತಿಯಲ್ಲಿಯೂ ಪದವಿಯ ಅಂಕಗಳು ಆಯ್ಕೆಪಟ್ಟಿಗೆ ಸೇರುವುದಿಲ್ಲ. ಆ ಪರೀಕ್ಷೆಯಲ್ಲಿ ಗಳಿಸಿದ್ದೇ ಮುಖ್ಯ. ಭಟ್ಕಳದಿಂದ ಗಲ್ಫ್ ದೇಶಗಳಿಗೆ ದುಡಿಯಲು ಹೋಗುವವರು ಅನೇಕರು. ಅಲ್ಲಿ ಪದವಿ ಪ್ರಮಾಣಪತ್ರಕ್ಕೆ ಅಧಿಕೃತ ದೃಢೀಕರಣ ಕೇಳುತ್ತಾರೆ, ಕೆಲಸದ ಅನುಭವ ಕೇಳುತ್ತಾರೆ. ದರ್ಜೆಯ ವಿಚಾರಣೆ ವಿರಳ. ಎಲ್ಲಿಯೇ ಆಗಲಿ ನಾಲ್ಕಾರು ವರ್ಷ ನಿಷ್ಠೆಯಿಂದ ದುಡಿದವನನ್ನು ಮುಂದಿನ ಧಣಿಯು "ನೀನು ಏನು ಮಾಡಬಲ್ಲೆ?" ಎಂದು ಕೇಳುತ್ತಾನೆಯೇ ಹೊರತು ಮೂರನೆಯ ಸೆಮಿಸ್ಟರಿನ ಅಂಕವನ್ನಲ್ಲ.

ಕುಮಟಾ ತಾಲೂಕಿನ ಗೋಕರ್ಣದವರಾದ ಶ್ರೀ ಜಯಂತ ಕಾಯ್ಕಿಣಿಯವರನ್ನು ಕನ್ನಡಿಗರೆಲ್ಲರೂ ಬಲ್ಲರು. 1974ರಲ್ಲಿ ಬಂದ ಅವರ ಮೊದಲ ಕವನಸಂಕಲನಕ್ಕೇ ರಾಜ್ಯ ಸಾಹಿತ್ಯ ಅಕಾಡೆಮಿಯ ಪುರಸ್ಕಾರ ದೊರೆಯಿತು. ಆಗ ಅವರಿನ್ನೂ ಹತ್ತೊಂಬತ್ತರ ಆಸುಪಾಸಿನ ವಿದ್ಯಾರ್ಥಿ. ಹಾಗೆಂದು ಅವರು ಓದನ್ನು ಬಿಡಲಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ ಜೀವರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಪಡೆದು, ಮುಂಬಯಿಯ ಔಷಧ ಉದ್ಯಮದಲ್ಲಿ ಬಹುಕಾಲ ದುಡಿದರು. ಆ ಪದವಿ ಅವರಿಗೆ ಅನ್ನ ಕೊಟ್ಟಿತು, ಕತೆಗಳಿಗೆ ಮುಂಬಯಿಯನ್ನೂ ಕೊಟ್ಟಿತು. ಆದರೂ ಇಂದು ನಾವು ಅವರನ್ನು ನೆನೆಯುವುದು ಅಂಕಗಳಿಂದಲ್ಲ.

ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಕಾಲೇಜು ಪರೀಕ್ಷೆಯಲ್ಲಿ ಅನುತ್ತೀರ್ಣರಾದುದನ್ನು ಮಕ್ಕಳು ಆಗಾಗ ನೆಪವಾಗಿ ಹೇಳುವುದುಂಟು. ಅವರು ವಿದ್ಯಾರ್ಥಿವೇತನ ಕಳೆದುಕೊಂಡು ಬಡತನದಲ್ಲಿ ಬೆಂದದ್ದನ್ನೂ, 1912ರಲ್ಲಿ ಮದರಾಸು ಬಂದರಿನ ಕಚೇರಿಯಲ್ಲಿ ಗುಮಾಸ್ತರಾಗಿ ಸೇರಬೇಕಾಗಿ ಬಂದದ್ದನ್ನೂ ಹೇಳುವುದಿಲ್ಲ. ಅವರ ಅಂಕಪಟ್ಟಿ ಬರಿದಾಗಿತ್ತು. ಗಣಿತದ ಟಿಪ್ಪಣಿ ಪುಸ್ತಕಗಳು ಬರಿದಾಗಿರಲಿಲ್ಲ. ಅಂಕ ಕಡಿಮೆಯಾದವನು ತೋರಿಸಲು ಬೇರೇನನ್ನಾದರೂ ಕೈಯಲ್ಲಿ ಹಿಡಿದಿರಲೇಬೇಕು.

ಆ ತಾಯಿಗೆ ನಮ್ಮ ಉತ್ತರವಿಷ್ಟು. ಅಕ್ಕನವರೇ, ನಿಮ್ಮ ಮಗನಿಗೆ ಕೆಲವು ಬಾಗಿಲುಗಳು ಮುಚ್ಚಿವೆ. ಅದನ್ನು ಮರೆಮಾಚುವುದು ಬೇಡ. ಆದರೆ ಬಿ.ಎಡ್. ಬಾಗಿಲು ತೆರೆದಿದೆ, ಬ್ಯಾಂಕಿನ ಪರೀಕ್ಷೆಯಿದೆ, ಸರಕಾರಿ ಸ್ಪರ್ಧಾತ್ಮಕ ಪರೀಕ್ಷೆಗಳಿವೆ. ಎಂ.ಎಸ್ಸಿ.ಗೆ ಪ್ರವೇಶ ದೊರೆತು ಅಲ್ಲಿ ಶೇ. 55 ಗಳಿಸಿದರೆ ಅಧ್ಯಾಪಕ ವೃತ್ತಿಯ ದಾರಿಯೂ ಇದೆ. ಪದವಿಯ ಅಂಕ ಅದನ್ನು ಶಾಶ್ವತವಾಗಿ ಮುಚ್ಚಿಲ್ಲ. ಯಾವ ಕಾಯಕವೂ ಕೀಳಲ್ಲವೆಂದು ನಂಬಿದ ಮನೆತನದವರು ನಾವು. ದ್ವಿತೀಯ ದರ್ಜೆಯ ಮಗನನ್ನು ಕೀಳಾಗಿ ಕಾಣುವುದು ನಮಗೆ ಸಲ್ಲದು.

ಅಂಕಪಟ್ಟಿಗಳನ್ನು ಜೋಪಾನವಾಗಿ ಪೆಟ್ಟಿಗೆಯಲ್ಲಿಡಿ. ಅರ್ಜಿ ಹಾಕುವಾಗ ಬೇಕಾಗುತ್ತವೆ. ನೆರೆಹೊರೆಯವರ ಮಾತುಗಳನ್ನು ಮಾತ್ರ ಜೋಪಾನ ಮಾಡಬೇಡಿ. ಹುಡುಗನನ್ನು ಒಳಕೋಣೆಯಿಂದ ಕರೆದು, ಎಲ್ಲರೊಡನೆ ಊಟಕ್ಕೆ ಕೂರಿಸಿರಿ. ಯಾವ ಪರೀಕ್ಷೆಗೆ ಕೂರುವುದೆಂಬ ವಿಚಾರ ಊಟವಾದ ಮೇಲೆ ನಡೆಯಲಿ.