ನೀವು ನಿಜವಾದವರೋ, ಮಷಿನ್ನೋ?

ಗೋವಿನಜೋಳದ ಬೆಲೆ ಬಗ್ಗೆ ವರದಿ ಮಾಡೋಕೆ ಶಿರಾಳಕೊಪ್ಪಕ್ಕೆ ಹೋಗಿದ್ದೆ. ಸುಗ್ಗಿ ಟೈಮಲ್ಲಿ ಆ ಕಡೆ ಹೋದವರಿಗೆ ಗೊತ್ತಿರುತ್ತೆ, ರಸ್ತೆ ಅರ್ಧ ವಾಹನಕ್ಕೆ, ಅರ್ಧ ಜೋಳ ಒಣಗಿಸೋದಕ್ಕೆ. ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಲ್ಲಿ ಚಹಾ ಕುಡೀತಾ ಕೂತಿದ್ದೆ. ಗೋಡೆ ಮೇಲಿನ ಟಿವಿಯಲ್ಲಿ ಹಿಂದಿನ ದಿನ ರೆಕಾರ್ಡ್ ಆಗಿದ್ದ ನನ್ನದೇ ಕಾರ್ಯಕ್ರಮ ಬರ್ತಿತ್ತು. ಎದುರಿಗಿದ್ದ ಅಜ್ಜ ಟಿವಿ ನೋಡಿದರು, ನನ್ನನ್ನ ನೋಡಿದರು, ಮತ್ತೆ ಟಿವಿ ನೋಡಿದರು. ಆಮೇಲೆ ಕೇಳಿದರು: “ಅಲ್ರೀ, ನೀವು ನಿಜವಾದವರೋ, ಮಷಿನ್ನೋ?”

ಹೋಟೆಲಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ವೀಕ್ಷಕರೇ, ಅಜ್ಜ ತಮಾಷೆ ಮಾಡಿರಲಿಲ್ಲ. ಟಿವಿಯಲ್ಲಿ ಮಷಿನ್ ನ್ಯೂಸ್ ಓದುತ್ತೆ ಅಂತ ಮೊಮ್ಮಗ ಮೊಬೈಲಲ್ಲಿ ತೋರಿಸಿದ್ದನಂತೆ. ಅವನು ಹೇಳಿದ್ದು ಸುಳ್ಳಲ್ಲ. 2023ರ ಜುಲೈನಲ್ಲಿ ಒಡಿಶಾದ ಓಟಿವಿ ‘ಲೀಸಾ’ ಅನ್ನೋ ಕಂಪ್ಯೂಟರ್ ನಿರೂಪಕಿಯನ್ನ ಕೂರಿಸಿತು. ಅದೇ ತಿಂಗಳು ಕನ್ನಡದಲ್ಲಿ ಪವರ್ ಟಿವಿ ‘ಸೌಂದರ್ಯ’ಳನ್ನ ತಂದಿತು. ಚೀನಾದ ಕ್ಸಿನ್‌ಹುವಾ ಸುದ್ದಿ ಸಂಸ್ಥೆ ಈ ಕೆಲಸವನ್ನ 2018ರಲ್ಲೇ ಮಾಡಿತ್ತು. ಇವರ ಗಂಟಲು ಕಟ್ಟೋದಿಲ್ಲ, ಇವರಿಗೆ ರಜೆ ಬೇಡ, ಸಂಬಳ ಜಾಸ್ತಿ ಮಾಡಿ ಅಂತ ಕೇಳೋದೂ ಇಲ್ಲ. ನನ್ನ ಹೊಟ್ಟೆಪಾಡಿನ ಮಾತು ಬಿಡಿ, ಅದು ನನ್ನ ಚಿಂತೆ.

ಇದನ್ನ ಸಿನಿಮಾದವರು ಇಪ್ಪತ್ತು ವರ್ಷ ಮೊದಲೇ ತೋರಿಸಿದ್ದರು. 2002ರ ‘ಸಿಮೋನ್’ ಚಿತ್ರದಲ್ಲಿ ಅಲ್ ಪಚಿನೋ ಒಬ್ಬ ನಿರ್ದೇಶಕ. ನಾಯಕಿ ಕೈ ಕೊಟ್ಟಳು ಅಂತ ಕಂಪ್ಯೂಟರಿನಲ್ಲೇ ಒಬ್ಬ ನಟಿಯನ್ನ ಸೃಷ್ಟಿ ಮಾಡ್ತಾನೆ. ಜಗತ್ತೇ ಅವಳಿಗೆ ಮರುಳಾಗುತ್ತೆ. ಕೊನೆಗೆ “ಅಂಥ ಹೆಣ್ಣೇ ಇಲ್ಲ” ಅಂತ ಅವನೇ ಹೇಳಿದರೂ ಯಾರೂ ನಂಬೋದಿಲ್ಲ! ಅದೇ ವರ್ಷ ನಮ್ಮ ಉಪೇಂದ್ರ ‘ಹಾಲಿವುಡ್’ ಚಿತ್ರದಲ್ಲಿ ತನ್ನದೇ ಮುಖದ ರೋಬೋ ಆಗಿ ಬಂದರು. ನಾವು ಸೀಟಿ ಹೊಡೆದು ಮನೆಗೆ ಬಂದೆವು.

ಹಾಗಂತ ಈ ಸಿನಿಮಾಗಳು ಭವಿಷ್ಯ ಹೇಳುತ್ತವೆ ಅಂತ ತಿಳ್ಕೋಬೇಡಿ. ವಸ್ತುಗಳ ವಿಷಯದಲ್ಲಿ ಅವು ಸಿಕ್ಕಾಪಟ್ಟೆ ತಪ್ಪು. ‘ಬ್ಯಾಕ್ ಟು ದಿ ಫ್ಯೂಚರ್’ ಎರಡನೇ ಭಾಗ ಬಂದಿದ್ದು 1989ರಲ್ಲಿ. ಕಥೆ 2015ರ ಅಕ್ಟೋಬರ್ 21ಕ್ಕೆ ಹಾರುತ್ತೆ. ಅಲ್ಲಿ ಕಾರುಗಳು ಆಕಾಶದಲ್ಲಿ ಓಡಾಡ್ತವೆ. ಗೋಡೆ ಟಿವಿಯಲ್ಲಿ ಬಾಸ್ ಮುಖ ತೋರಿಸಿ ಮಾತಾಡ್ತಾನೆ. ಈ ವಿಡಿಯೋ ಕಾಲ್ ಸರಿಯಾಯ್ತು. ಆದರೆ ಕೆಲಸದಿಂದ ತೆಗೆದ ಆರ್ಡರ್ ಬರೋದು ಹೇಗೆ ಗೊತ್ತಾ? ಫ್ಯಾಕ್ಸಲ್ಲಿ! ಮನೆ ತುಂಬಾ ಫ್ಯಾಕ್ಸ್ ಮಷಿನ್ನು. ಜೇಬಿನಲ್ಲಿ ಕೂರೋ ಸ್ಮಾರ್ಟ್‌ಫೋನು ಮಾತ್ರ ಅವರ ತಲೆಗೆ ಬರಲೇ ಇಲ್ಲ.

ಜೋಳದ ಮಾತು ಬಂತಲ್ಲ, ಒಂದು ಉಪಕಥೆ. 2014ರ ‘ಇಂಟರ್‌ಸ್ಟೆಲ್ಲರ್’ನಲ್ಲಿ ರೋಗ ಬಂದು ಬೆಳೆಗಳೆಲ್ಲ ಒಂದೊಂದಾಗಿ ಹೋಗಿ ಗೋವಿನಜೋಳ ಒಂದೇ ಉಳಿದಿರುತ್ತೆ. ಅದಕ್ಕಾಗಿ ನಿರ್ದೇಶಕ ಕ್ರಿಸ್ಟೋಫರ್ ನೋಲನ್ ಕೆನಡಾದಲ್ಲಿ 500 ಎಕರೆ ನಿಜವಾದ ಜೋಳವನ್ನೇ ಹಾಕಿಸಿದರು. ಶೂಟಿಂಗ್ ಮುಗಿದ ಮೇಲೆ ಮಾರಿ ಲಾಭವನ್ನೂ ಮಾಡಿಕೊಂಡರು. ಶಿರಾಳಕೊಪ್ಪದ ಹೋಟೆಲಲ್ಲಿ ಇದನ್ನ ಹೇಳಿದಾಗ ಒಬ್ಬರು, “ನಾವೂ ಸಿನಿಮಾನೇ ತೆಗೀಬೇಕು ಬಿಡ್ರಿ” ಅಂದರು.

ಹಾಗಾದರೆ ಈ ಸಿನಿಮಾಗಳಿಂದ ಕಲಿಯೋದೇನು? ನನ್ನ ಪ್ರಕಾರ, ಯಂತ್ರವನ್ನ ನೋಡಬಾರದು. ಅದರ ಪಕ್ಕದಲ್ಲಿ ನಿಂತ ಮನುಷ್ಯನನ್ನ ನೋಡಬೇಕು.

2010ರಲ್ಲಿ ಶಂಕರ್ ನಿರ್ದೇಶಿಸಿದ ರಜನಿಕಾಂತ್ ಅವರ ‘ಎಂದಿರನ್’ ನೆನಪು ಮಾಡ್ಕೊಳ್ಳಿ. ಕಟ್ಟಡಕ್ಕೆ ಬೆಂಕಿ ಬಿದ್ದಿದೆ. ರೋಬೋ ಚಿಟ್ಟಿ ಒಬ್ಬೊಬ್ಬರನ್ನೇ ಎತ್ತಿ ತರ್ತಾನೆ. ಸ್ನಾನ ಮಾಡ್ತಿದ್ದ ಒಬ್ಬ ಹುಡುಗಿಯನ್ನೂ ಹಾಗೇ, ಇದ್ದ ಸ್ಥಿತಿಯಲ್ಲೇ, ಜನರ ನಡುವೆ ತಂದು ನಿಲ್ಲಿಸ್ತಾನೆ. ಜೀವ ಉಳಿಸು ಅಂತ ಹೇಳಿದ್ದರು, ಉಳಿಸಿದ. ಮಾನ ಅಂದರೇನು ಅಂತ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹುಡುಗಿ ನಾಚಿಕೆಯಿಂದ ಓಡ್ತಾಳೆ, ಲಾರಿ ಬಡಿದು ಸಾಯ್ತಾಳೆ. ಎಲ್ಲರೂ ರೋಬೋದ ತಪ್ಪು ಅಂತಾರೆ. ನಾನು ಈ ದೃಶ್ಯವನ್ನ ಮೂರು ಸಲ ನೋಡಿದ್ದೀನಿ. ಮೂರನೇ ಸಲ ಕಣ್ಣಿಗೆ ಬಿದ್ದಿದ್ದು ಟಿವಿ ಕ್ಯಾಮೆರಾಗಳು. ರೋಬೋಗೆ ಮಾನ ಗೊತ್ತಿರಲಿಲ್ಲ, ಸರಿ. ಕ್ಯಾಮೆರಾ ಹಿಡಿದವನಿಗೆ ಗೊತ್ತಿರಲಿಲ್ವಾ? ಆ ಕ್ಯಾಮೆರಾದ ಕಡೆಯವನೇ ನಾನು. ಅದಕ್ಕೇ ಆ ದೃಶ್ಯ ನನ್ನನ್ನ ಬಿಟ್ಟಿಲ್ಲ.

1968ರ ‘2001: ಎ ಸ್ಪೇಸ್ ಒಡಿಸ್ಸಿ’ಯಲ್ಲೂ ಇದೇ ಕಥೆ. ಹ್ಯಾಲ್ ಅನ್ನೋ ಕಂಪ್ಯೂಟರ್ ಗಗನಯಾತ್ರಿಗಳನ್ನೇ ಕೊಲ್ಲುತ್ತೆ. ಯಾಕೆ ಅನ್ನೋದು 1984ರಲ್ಲಿ ಬಂದ ಮುಂದಿನ ಭಾಗದಲ್ಲಿ ಗೊತ್ತಾಗುತ್ತೆ: ನಿಜವನ್ನ ಮುಚ್ಚಿಡು ಅಂತ ಮೇಲಿನವರು ಅದಕ್ಕೆ ಆರ್ಡರ್ ಕೊಟ್ಟಿದ್ದರು. ನಿಜ ಹೇಳೋದಕ್ಕೇ ಮಾಡಿದ ಯಂತ್ರಕ್ಕೆ ಸುಳ್ಳು ಹೇಳೋಕೆ ಕಲಿಸಿದವರು ಮನುಷ್ಯರು.

ಅಜ್ಜನಿಗೆ ನಾನು ಹೇಳಿದೆ, “ನಿಜವಾದವನೇ ಅಜ್ಜ, ಮುಟ್ಟಿ ನೋಡಿ.” ಅವರು ಮುಟ್ಟಲಿಲ್ಲ. “ಆ ಮಷಿನ್ ತಪ್ಪು ಓದಿದ್ರೆ ಯಾರನ್ನ ಕೇಳೋದ್ರಿ?” ಅಂದರು. ನಾನು ಚಾನೆಲ್ಲು, ಸಂಪಾದಕರು, ಕಾನೂನು ಅಂತೆಲ್ಲ ಶುರು ಮಾಡಿದೆ. ಅಜ್ಜ ಕೈ ಎತ್ತಿ ನಿಲ್ಲಿಸಿದರು.

“ಅದಿರ‍್ಲಿ. ನೀವು ನಿಜವಾದವರು ಅಂದ್ರಲ್ಲ, ಅದಕ್ಕೇ ಕೇಳ್ತೀನಿ. ಹೋದ ವಾರ ಜೋಳದ ರೇಟು ಇನ್ನೂರು ರೂಪಾಯಿ ಜಾಸ್ತಿ ಓದಿದ್ರಿ. ಅದನ್ನ ನಂಬಿ ಮನೆ ಬಾಗಿಲಿಗೆ ಬಂದ ಸಾವ್ಕಾರನ್ನ ವಾಪಸ್ ಕಳಿಸಿದೆ. ಮೂರನೇ ದಿನಕ್ಕೆ ಮಳೆ ಬಂತು, ರಾಶಿ ತೋಯ್ತು.”

ಹೋಟೆಲಲ್ಲಿ ಈ ಸಲ ಯಾರೂ ನಗಲಿಲ್ಲ. ಆಫೀಸಿಗೆ ಫೋನ್ ಮಾಡಿ ಹಳೇ ಬುಲೆಟಿನ್ ತೆಗೆಸಿದೆ. ಅಜ್ಜ ಹೇಳಿದ್ದು ಸರಿ ಇತ್ತು. ಯಾರೋ ಟೈಪ್ ಮಾಡುವಾಗ ಒಂದು ಅಂಕಿ ತಪ್ಪಿದ್ದರು, ನಾನು ಕಣ್ಣು ಮುಚ್ಚಿಕೊಂಡು ಓದಿದ್ದೆ, ಥೇಟು ಮಷಿನ್ ಥರಾನೇ. ಅಜ್ಜನ ಹತ್ತಿರ ಕ್ಷಮೆ ಕೇಳಿದೆ. ತೋಯ್ದ ಜೋಳ ಅದರಿಂದ ಒಣಗೋದಿಲ್ಲ, ಗೊತ್ತು. ಮರುದಿನ ರಾತ್ರಿ ಒಂಬತ್ತರ ಬುಲೆಟಿನ್‌ನಲ್ಲಿ, ಬೇರೆ ಸುದ್ದಿಗಿಂತ ಮೊದಲು, ಆ ತಪ್ಪನ್ನ ಹೇಳಿ ಸರಿಯಾದ ರೇಟನ್ನ ಎರಡು ಸಲ ಓದಿದೆ.