ಬಳ್ಳಾರಿ ಪ್ರದೇಶದಲ್ಲಿ ಹವಾನಿಯಂತ್ರಣ ಗುತ್ತಿಗೆದಾರರ ಪರವಾನಗಿಗಳು

ಬಳ್ಳಾರಿ ನಗರ, ಸಿರುಗುಪ್ಪ ಮತ್ತು ಕುರುಗೋಡು ಪಟ್ಟಣಗಳಲ್ಲಿ ಹವಾನಿಯಂತ್ರಕ (ಏಸಿ), ಶೈತ್ಯೀಕರಣ ಯಂತ್ರ ಹಾಗೂ ತಾಪನ ಉಪಕರಣಗಳನ್ನು ಅಳವಡಿಸಿ ದುರಸ್ತಿ ಮಾಡುವ ಗುತ್ತಿಗೆದಾರರಿಗೆ ಅನ್ವಯಿಸುವ ಪರವಾನಗಿ ಮತ್ತು ನೋಂದಣಿಗಳ ಕುರಿತ ಲೇಖನವಿದು. ‘ಹವಾನಿಯಂತ್ರಣ ಗುತ್ತಿಗೆದಾರ’ ಎಂಬ ಹೆಸರಿನ ಪ್ರತ್ಯೇಕ ಪರವಾನಗಿ ಕರ್ನಾಟಕದಲ್ಲಿ ಇಲ್ಲ. ಒಂದೇ ಕೆಲಸದ ಬೇರೆ ಬೇರೆ ಭಾಗಗಳನ್ನು ಬೇರೆ ಬೇರೆ ಇಲಾಖೆಗಳು ನಿಯಂತ್ರಿಸುತ್ತವೆ. ತಂತಿ ಎಳೆಯುವುದಕ್ಕೆ ಒಂದು ಕಚೇರಿ, ಅಂಗಡಿ ತೆರೆಯುವುದಕ್ಕೆ ಇನ್ನೊಂದು, ಅನಿಲದ ಸಿಲಿಂಡರ್ ದಾಸ್ತಾನಿಗೆ ಮತ್ತೊಂದು. ಆದರೆ ಏಸಿಯೊಳಗಿನ ಅನಿಲವನ್ನು ತೆಗೆದು ತುಂಬುವ ತಂತ್ರಜ್ಞನ ಅರ್ಹತೆಯನ್ನು ಪರೀಕ್ಷಿಸುವ ಕಡ್ಡಾಯ ಪ್ರಮಾಣಪತ್ರ ಇವುಗಳಲ್ಲಿ ಯಾವುದೂ ಅಲ್ಲ.

ಹಿನ್ನೆಲೆ

ಬಳ್ಳಾರಿ ಜಿಲ್ಲೆ ರಾಜ್ಯದ ಅತ್ಯಂತ ಬಿಸಿಲಿನ ಪ್ರದೇಶಗಳಲ್ಲಿ ಒಂದು. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಏರ್ ಕೂಲರ್‌ಗಳಿಗೇ ಸೀಮಿತವಾಗಿದ್ದ ಮನೆಗಳಲ್ಲಿ ಈಗ ಏಸಿಗಳು ಬಂದಿವೆ. ಆಸ್ಪತ್ರೆ, ಬ್ಯಾಂಕ್, ಬಟ್ಟೆ ಅಂಗಡಿ ಮತ್ತು ಕಲ್ಯಾಣ ಮಂಟಪಗಳಲ್ಲಿ ಅವು ಅನಿವಾರ್ಯವೆನಿಸಿವೆ. ಇಲ್ಲಿ ಮನೆಗಳನ್ನು ಬೆಚ್ಚಗಾಗಿಸುವ ಅಗತ್ಯ ಇಲ್ಲವೆಂದೇ ಹೇಳಬೇಕು. ತಾಪನದ ಕೆಲಸವೆಂದರೆ ಗೀಸರ್, ಸೌರ ಜಲತಾಪಕ ಮತ್ತು ಭತ್ತದ ನಾಡಾದ ಸಿರುಗುಪ್ಪದ ಅಕ್ಕಿ ಗಿರಣಿಗಳ ಬಾಯ್ಲರ್‌ಗಳು.

ಮೂರೂ ಊರುಗಳ ಸ್ಥಳೀಯ ಆಡಳಿತ ಒಂದೇ ಬಗೆಯದಲ್ಲ. ಬಳ್ಳಾರಿ ಮಹಾನಗರ ಪಾಲಿಕೆಗೆ 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆ ಅನ್ವಯಿಸುತ್ತದೆ. ಸಿರುಗುಪ್ಪ ನಗರಸಭೆ ಮತ್ತು ಕುರುಗೋಡು ಪುರಸಭೆಗಳು 1964ರ ಪೌರಸಭೆಗಳ ಕಾಯ್ದೆಯ ಅಡಿಯಲ್ಲಿ ಬರುತ್ತವೆ. ಆದುದರಿಂದ ಉದ್ದಿಮೆ ಪರವಾನಗಿಯ ಶುಲ್ಕ ಮತ್ತು ಅರ್ಜಿ ಸಲ್ಲಿಸುವ ಕಚೇರಿ ಊರಿನಿಂದ ಊರಿಗೆ ಬದಲಾಗುತ್ತವೆ. ವಿದ್ಯುತ್ತಿಗೆ ಸಂಬಂಧಿಸಿದ ನಿಯಮಗಳು ಮಾತ್ರ ಮೂರೂ ಕಡೆ ಒಂದೇ.

ವಿದ್ಯುತ್ ಕೆಲಸದ ಪರವಾನಗಿ

ಏಸಿ ಅಳವಡಿಕೆಯಲ್ಲಿ ಕಾನೂನು ಅತ್ಯಂತ ಸ್ಪಷ್ಟವಾಗಿ ಮಾತನಾಡುವುದು ವಿದ್ಯುತ್ ಭಾಗದ ಬಗ್ಗೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಾವಳಿಗಳ ಪ್ರಕಾರ, ಗ್ರಾಹಕರ ಆವರಣದಲ್ಲಿ ಹೊಸ ವಿದ್ಯುತ್ ಅಳವಡಿಕೆ, ವಿಸ್ತರಣೆ, ಬದಲಾವಣೆ ಅಥವಾ ದುರಸ್ತಿಯನ್ನು ರಾಜ್ಯ ಸರ್ಕಾರದ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರೇ ಮಾಡಬೇಕು. ಕೆಲಸವು ಅರ್ಹತಾ ಪ್ರಮಾಣಪತ್ರವುಳ್ಳ ಮೇಲ್ವಿಚಾರಕರ ನೇರ ಉಸ್ತುವಾರಿಯಲ್ಲಿ ನಡೆಯಬೇಕು ಮತ್ತು ಕೈಯಾರೆ ಕೆಲಸ ಮಾಡುವವರು ಅನುಮತಿ ಪತ್ರ ಹೊಂದಿದ ವೈರ್‌ಮನ್ ಆಗಿರಬೇಕು. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿದ್ದ ಈ ಷರತ್ತು 2010ರ ನಿಯಮಾವಳಿಗೆ, ಅಲ್ಲಿಂದ 2023ರ ನಿಯಮಾವಳಿಗೆ ಮುಂದುವರಿದು ಬಂದಿದೆ. ಕರ್ನಾಟಕದಲ್ಲಿ ಗುತ್ತಿಗೆದಾರರ ಪರವಾನಗಿಯನ್ನು ಇಂಧನ ಇಲಾಖೆಯ ಅಧೀನದ ವಿದ್ಯುತ್ ಪರಿವೀಕ್ಷಣಾಲಯವು ದರ್ಜೆವಾರು ನೀಡುತ್ತದೆ.

ಇದಕ್ಕೆ ಒಂದು ವಿನಾಯಿತಿ ಇದೆ. ಅಳವಡಿಕೆಯ ಸಾಮರ್ಥ್ಯ ಅಥವಾ ಸ್ವರೂಪ ಬದಲಾಗದಂತೆ ದೀಪ, ಫ್ಯಾನ್, ಫ್ಯೂಸ್, ಸ್ವಿಚ್ ಹಾಗೂ ಗೃಹೋಪಯೋಗಿ ಉಪಕರಣಗಳನ್ನು ಬದಲಿಸುವುದಕ್ಕೆ ಪರವಾನಗಿ ಬೇಕಿಲ್ಲ. ಈಗಾಗಲೇ ಇರುವ ಏಸಿ ಪಾಯಿಂಟಿಗೆ ಹಳೆಯ ಯಂತ್ರದ ಬದಲು ಅಷ್ಟೇ ಸಾಮರ್ಥ್ಯದ ಹೊಸದನ್ನು ಜೋಡಿಸುವುದು ಈ ವಿನಾಯಿತಿಯೊಳಗೆ ಬರಬಹುದು. ಮೀಟರ್ ಬೋರ್ಡಿನಿಂದ ಹೊಸ ತಂತಿ ಎಳೆದು, ಪ್ರತ್ಯೇಕ ಎಂಸಿಬಿ ಮತ್ತು ಅರ್ಥಿಂಗ್ ಕೊಟ್ಟು ಪಾಯಿಂಟ್ ಮಾಡುವುದು ಬರುವುದಿಲ್ಲ. ವ್ಯವಹಾರದಲ್ಲಿ ಏಸಿ ಮಾರಿದ ಅಂಗಡಿಯಿಂದ ಬಂದ ಹುಡುಗನೇ ಎರಡೂ ಕೆಲಸಗಳನ್ನು ಮುಗಿಸಿ ಹೋಗುತ್ತಾನೆ. ಫ್ಯಾನಿಗೆಂದು ಹಾಕಿದ್ದ ಸಣ್ಣ ತಂತಿಗೆ ಒಂದೂವರೆ ಟನ್ನಿನ ಏಸಿ ಸಿಕ್ಕಿಸಿದರೆ ತಂತಿ ಕಾಯುತ್ತದೆ. ಅದು ಹೊತ್ತಿಕೊಳ್ಳುವುದು ಸಾಮಾನ್ಯವಾಗಿ ಯಂತ್ರ ಬಿಡುವಿಲ್ಲದೆ ಓಡುವ ಬೇಸಿಗೆಯ ರಾತ್ರಿಯಲ್ಲಿ. ಕಾಯ್ದೆ ವೈರ್‌ಮನ್‌ನ ಅನುಮತಿ ಪತ್ರ ಕೇಳುವುದರ ಹಿಂದೆ ಇರುವ ಕಾರಣ ಇದೇ.

ಗ್ರಾಹಕರು ಕೇಳಿ ನೋಡಬೇಕಾದ ದಾಖಲೆ ಎರಡು: ಗುತ್ತಿಗೆದಾರರ ಪರವಾನಗಿ ಸಂಖ್ಯೆ ಮತ್ತು ಅದರ ಮಾನ್ಯತೆಯ ಕೊನೆಯ ದಿನ. ಕಂಪನಿ ಕೊಡುವ ‘ಅಧಿಕೃತ ಸೇವಾ ಕೇಂದ್ರ’ ಎಂಬ ಪತ್ರ ವ್ಯಾಪಾರದ ಒಪ್ಪಂದವೇ ಹೊರತು ಸರ್ಕಾರಿ ಪರವಾನಗಿಯಲ್ಲ.

ಮಂಜೂರಾದ ಹೊರೆ

ಈ ಪ್ರದೇಶಕ್ಕೆ ವಿದ್ಯುತ್ ಪೂರೈಸುವುದು ಕಲಬುರಗಿಯಲ್ಲಿ ಕೇಂದ್ರ ಕಚೇರಿಯುಳ್ಳ ಗುಲಬರ್ಗಾ ವಿದ್ಯುತ್ ಸರಬರಾಜು ಕಂಪನಿ (ಜೆಸ್ಕಾಂ). ಮನೆಯಲ್ಲಿ ಏಸಿ ಹಾಕಿಸಲು ಜೆಸ್ಕಾಂನಿಂದಾಗಲಿ ಪಾಲಿಕೆಯಿಂದಾಗಲಿ ಪ್ರತ್ಯೇಕ ಪರ್ಮಿಟ್ ಇಲ್ಲ. ಆದರೆ ಒಂದೂವರೆ ಟನ್ನಿನ ಯಂತ್ರ ಪೂರ್ಣ ಸಾಮರ್ಥ್ಯದಲ್ಲಿ ಸುಮಾರು 1.5 ಕಿಲೋವ್ಯಾಟ್ ವಿದ್ಯುತ್ ಎಳೆಯುತ್ತದೆ. ಒಂದೆರಡು ಕಿಲೋವ್ಯಾಟ್ ಮಾತ್ರ ಮಂಜೂರಾಗಿರುವ ಹಳೆಯ ಮನೆಗಳಲ್ಲಿ ಇದರಿಂದ ಹೊರೆ ಮಿತಿ ಮೀರುತ್ತದೆ. ಆಗ ಹೆಚ್ಚುವರಿ ಹೊರೆಗೆ ಜೆಸ್ಕಾಂಗೆ ಅರ್ಜಿ ಸಲ್ಲಿಸಬೇಕು. ಅರ್ಜಿಯ ಜೊತೆ ಬೇಕಾಗುವ ವೈರಿಂಗ್ ಪೂರ್ಣತಾ ಮತ್ತು ಪರೀಕ್ಷಾ ವರದಿಗೆ ಸಹಿ ಹಾಕಬಲ್ಲವರು ಪರವಾನಗಿ ಪಡೆದ ಗುತ್ತಿಗೆದಾರರು. ಪರವಾನಗಿ ಇಲ್ಲದವರಿಂದ ಕೆಲಸ ಮಾಡಿಸಿದವರು ಆ ಸಹಿಗಾಗಿ ಎರಡನೆಯ ಬಾರಿ ಹಣ ಕೊಡಬೇಕಾಗುತ್ತದೆ.

ದೊಡ್ಡ ಕಟ್ಟಡಗಳ ವಿಚಾರ ಬೇರೆ. ಕೇಂದ್ರೀಕೃತ ಹವಾನಿಯಂತ್ರಣವನ್ನು ಕಟ್ಟಡ ನಕ್ಷೆಯ ಮಂಜೂರಾತಿಯ ಹಂತದಲ್ಲೇ ಯೋಜಿಸಬೇಕು. ಅದರ ತಾಂತ್ರಿಕ ಮಾನದಂಡಗಳು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ 8ನೆಯ ಭಾಗದಲ್ಲಿವೆ.

ಶೀತಕ ಅನಿಲಗಳು

ಏಸಿಯೊಳಗೆ ಸುತ್ತುವ ಶೀತಕವನ್ನು ಜನ ‘ಗ್ಯಾಸ್’ ಎನ್ನುತ್ತಾರೆ. ಹಳೆಯ ಯಂತ್ರಗಳಲ್ಲಿ ಇರುವುದು ಆರ್-22. ಇದು ಓಝೋನ್ ಪದರಕ್ಕೆ ಹಾನಿಕರವಾದುದರಿಂದ ಮಾಂಟ್ರಿಯಲ್ ಒಪ್ಪಂದದಂತೆ ಭಾರತದಲ್ಲಿ ಇದರ ಬಳಕೆ 2030ರ ಹೊತ್ತಿಗೆ, ಹಳೆಯ ಯಂತ್ರಗಳ ದುರಸ್ತಿಗೆ ಬೇಕಾದ ಅಲ್ಪ ಪ್ರಮಾಣ ಬಿಟ್ಟು, ನಿಲ್ಲಬೇಕು. ಓಝೋನ್ ನಾಶಕ ವಸ್ತುಗಳ ಉತ್ಪಾದನೆ, ಆಮದು, ಮಾರಾಟ ಮತ್ತು ಬಳಕೆಗೆ 2000ರ ನಿಯಮಗಳು ಅನ್ವಯಿಸುತ್ತವೆ. ಹೊಸ ಏಸಿಗಳಲ್ಲಿ ಹೆಚ್ಚಾಗಿ ಆರ್-32, ಕೆಲವು ಮಾದರಿಗಳಲ್ಲಿ ಆರ್-290 ಇರುತ್ತದೆ. ಆರ್-290 ಎಂದರೆ ಶುದ್ಧೀಕರಿಸಿದ ಪ್ರೊಪೇನ್, ಅಡುಗೆ ಅನಿಲದ ಘಟಕಗಳಲ್ಲಿ ಒಂದು.

ಆರ್-22 ಹೊತ್ತಿ ಉರಿಯುವುದಿಲ್ಲ. ಆರ್-32 ಮಂದವಾಗಿ ಉರಿಯಬಲ್ಲದು. ಆರ್-290 ಸುಲಭವಾಗಿ ಹೊತ್ತಿಕೊಳ್ಳುತ್ತದೆ. ಹಳೆಯ ಅನಿಲದ ಮೇಲೆ ಕೈ ಪಳಗಿದ ತಂತ್ರಜ್ಞ ಅದೇ ಅಭ್ಯಾಸದಿಂದ, ಕೊಳವೆಯಲ್ಲಿ ಅನಿಲ ಉಳಿದಿರುವಾಗಲೇ ಬೆಸುಗೆಯ ಜ್ವಾಲೆ ಹಿಡಿದರೆ ಅಪಾಯ ಖಂಡಿತ. ಸೋರಿಕೆ ಪರೀಕ್ಷೆಗೆ ಒಣ ಸಾರಜನಕದ ಬದಲು ಕೈಗೆ ಸಿಕ್ಕ ಆಮ್ಲಜನಕದ ಸಿಲಿಂಡರ್ ಬಳಸುವುದು ಇನ್ನೂ ಅಪಾಯಕಾರಿ. ಒತ್ತಡದ ಆಮ್ಲಜನಕವು ಕಂಪ್ರೆಸರ್‌ನ ಎಣ್ಣೆಯೊಡನೆ ಸೇರಿದರೆ ಸ್ಫೋಟವಾಗುತ್ತದೆ. ಪ್ರತಿ ಬೇಸಿಗೆಯಲ್ಲೂ ‘ಗ್ಯಾಸ್ ಹಾಕಿಸುವ’ ರೂಢಿಯೂ ತಪ್ಪು ತಿಳಿವಳಿಕೆಯಿಂದ ಬಂದದ್ದು. ಶೀತಕ ಬಳಸಿದಂತೆ ಖರ್ಚಾಗುವ ವಸ್ತುವಲ್ಲ. ಅದು ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ ಎಂದರ್ಥ.

ಅಮೆರಿಕದಲ್ಲಿ ಶುದ್ಧ ಗಾಳಿ ಕಾಯ್ದೆಯ 608ನೆಯ ಸೆಕ್ಷನ್ ಪ್ರಕಾರ ಪ್ರಮಾಣಪತ್ರವಿಲ್ಲದ ತಂತ್ರಜ್ಞರು ಶೀತಕವನ್ನು ಮುಟ್ಟುವಂತಿಲ್ಲ. ಐರೋಪ್ಯ ಒಕ್ಕೂಟದಲ್ಲೂ ಅಂಥ ನಿಯಮವಿದೆ. ಭಾರತದಲ್ಲಿ ಪ್ರಮಾಣೀಕರಣ ಐಚ್ಛಿಕ. ಮಾರ್ಚ್ 2019ರಲ್ಲಿ ಪ್ರಕಟವಾದ ಭಾರತ ಶೀತಲೀಕರಣ ಕ್ರಿಯಾ ಯೋಜನೆಯು 2022–23ರೊಳಗೆ 1 ಲಕ್ಷ ತಂತ್ರಜ್ಞರಿಗೆ ತರಬೇತಿ ಮತ್ತು ಪ್ರಮಾಣಪತ್ರ ನೀಡುವ ಗುರಿ ಹೇಳಿತ್ತು. ಐಟಿಐಗಳ ಎರಡು ವರ್ಷಗಳ ಶೈತ್ಯೀಕರಣ ಮತ್ತು ಹವಾನಿಯಂತ್ರಣ ತರಬೇತಿ ಈ ವೃತ್ತಿಗೆ ಸಿಗುವ ಮುಖ್ಯ ಔಪಚಾರಿಕ ಶಿಕ್ಷಣ. ಆದರೆ ಅದು ಇಲ್ಲದವರು ಕೆಲಸ ಮಾಡಬಾರದೆಂಬ ಕಾನೂನು ಇಲ್ಲ. ಬಹುಪಾಲು ಮಂದಿ ಹಿರಿಯ ಮೇಸ್ತ್ರಿಯ ಕೈಕೆಳಗೆ ಕಲಿತವರು. ಅವರಲ್ಲಿ ನುರಿತವರಿಗೇನೂ ಕೊರತೆಯಿಲ್ಲ, ಆದರೆ ನುರಿತವರನ್ನು ಗುರುತಿಸಲು ಗ್ರಾಹಕನಿಗೆ ಯಾವ ಸರ್ಕಾರಿ ಕಾಗದವೂ ನೆರವಾಗುವುದಿಲ್ಲ.

ಸಿಲಿಂಡರ್‌ಗಳ ದಾಸ್ತಾನಿಗೆ 2016ರ ಅನಿಲ ಸಿಲಿಂಡರ್ ನಿಯಮಗಳು ಅನ್ವಯಿಸುತ್ತವೆ. ಇವುಗಳನ್ನು ಜಾರಿಗೊಳಿಸುವುದು ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆ. ಸಣ್ಣ ಪ್ರಮಾಣಕ್ಕೆ ವಿನಾಯಿತಿ ಇದೆ. ಉರಿಯುವ ಅನಿಲಕ್ಕೆ ಈ ಮಿತಿ ಉರಿಯದ ಅನಿಲಕ್ಕಿಂತ ಬಹಳ ಕಡಿಮೆ.

ಅಂಗಡಿ ಮತ್ತು ತೆರಿಗೆ

ಅಂಗಡಿ ಅಥವಾ ವರ್ಕ್‌ಶಾಪ್ ತೆರೆಯುವವರು ಸ್ಥಳೀಯ ಸಂಸ್ಥೆಯಿಂದ ಉದ್ದಿಮೆ ಪರವಾನಗಿ ಪಡೆಯಬೇಕು. 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ಕಾರ್ಮಿಕ ಇಲಾಖೆಯಲ್ಲಿ ನೋಂದಣಿಯೂ ಆಗಬೇಕು. ಸೇವೆ ಒದಗಿಸುವವರ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಏಸಿಗಳ ಮೇಲಿನ ಜಿಎಸ್‌ಟಿ 22 ಸೆಪ್ಟೆಂಬರ್ 2025ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ಈ ನೋಂದಣಿಗಳು ವ್ಯಾಪಾರದ ಅಸ್ತಿತ್ವವನ್ನು ದೃಢಪಡಿಸುತ್ತವೆ, ಕೆಲಸದ ಗುಣಮಟ್ಟವನ್ನಲ್ಲ. ಗೋಡೆಗೆ ತೂಗುಹಾಕಿದ ಪಾಲಿಕೆಯ ಪರವಾನಗಿಯನ್ನು ತಾಂತ್ರಿಕ ಅರ್ಹತೆಯ ಪತ್ರವೆಂದು ತಿಳಿಯುವವರು ಅನೇಕರಿದ್ದಾರೆ.

ಶೈತ್ಯಾಗಾರಗಳು ಮತ್ತು ಬಾಯ್ಲರ್‌ಗಳು

ಬಳ್ಳಾರಿ, ಕುರುಗೋಡು ಮತ್ತು ಸಿರುಗುಪ್ಪ ಭಾಗದ ರೈತರು ಬೆಲೆ ಕುಸಿದಾಗ ಒಣ ಮೆಣಸಿನಕಾಯಿಯನ್ನು ಶೈತ್ಯಾಗಾರಗಳಲ್ಲಿ ಇಡುತ್ತಾರೆ. ಶೈತ್ಯಾಗಾರದಲ್ಲಿ ಸರಕು ಸಂಗ್ರಹಿಸುವುದನ್ನು 1948ರ ಕಾರ್ಖಾನೆಗಳ ಕಾಯ್ದೆ ‘ತಯಾರಿಕಾ ಪ್ರಕ್ರಿಯೆ’ ಎಂದೇ ಪರಿಗಣಿಸಿತ್ತು. ಅದರ ಸ್ಥಾನದಲ್ಲಿ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯೂ ಹಾಗೆಯೇ ಪರಿಗಣಿಸುತ್ತದೆ. ಆದುದರಿಂದ ನಿಗದಿತ ಸಂಖ್ಯೆಯ ಕಾರ್ಮಿಕರಿರುವ ಶೈತ್ಯಾಗಾರವು ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯ ವ್ಯಾಪ್ತಿಗೆ ಬರುತ್ತದೆ. ದೊಡ್ಡ ಶೈತ್ಯಾಗಾರಗಳಲ್ಲಿ ಸಾಮಾನ್ಯವಾಗಿ ಬಳಸುವ ಅಮೋನಿಯಾ ವಿಷಾನಿಲವಾದುದರಿಂದ, ಮನೆ ಏಸಿಯ ಅನುಭವವಷ್ಟೇ ಇರುವವರಿಗೆ ಆ ಕೆಲಸ ವಹಿಸುವಂತಿಲ್ಲ.

ಅಕ್ಕಿ ಗಿರಣಿಗಳಲ್ಲಿ ಭತ್ತ ಕುದಿಸಲು ಹಬೆ ಒದಗಿಸುವ ಬಾಯ್ಲರ್‌ಗಳದು ಈ ಇಡೀ ಕ್ಷೇತ್ರದಲ್ಲೇ ಅತ್ಯಂತ ಬಿಗಿಯಾದ ವ್ಯವಸ್ಥೆ. 1923ರ ಕಾಯ್ದೆಯ ಸ್ಥಾನದಲ್ಲಿ ಈಗ 2025ರ ಬಾಯ್ಲರ್ ಕಾಯ್ದೆ ಇದೆ. 25 ಲೀಟರ್‌ಗಿಂತ ಹೆಚ್ಚಿನ ಸಾಮರ್ಥ್ಯದ ಹಬೆ ಬಾಯ್ಲರ್ ನೋಂದಣಿಯಾಗಿರಬೇಕು, ಕಾಲಕಾಲಕ್ಕೆ ತಪಾಸಣೆಗೆ ಒಳಪಡಬೇಕು. ದುರಸ್ತಿ ಮಾಡುವವರು ದರ್ಜೆವಾರು ಮಾನ್ಯತೆ ಪಡೆದಿರಬೇಕು, ನಡೆಸುವವರಿಗೆ ಪ್ರಮಾಣಪತ್ರ ಇರಬೇಕು. ನೀರನ್ನು 100 ಡಿಗ್ರಿಗಿಂತ ಕೆಳಗೇ ಕಾಯಿಸುವ ಉಪಕರಣಗಳಿಗೆ ಈ ಕಾಯ್ದೆ ಅನ್ವಯಿಸದ ಕಾರಣ ಮನೆಯ ಗೀಸರ್‌ಗಳು ಹೊರಗುಳಿದಿವೆ.

ಸರ್ಕಾರಿ ಕಾಮಗಾರಿ ಮತ್ತು ದೂರು

ಸರ್ಕಾರಿ ಆಸ್ಪತ್ರೆ ಹಾಗೂ ಕಚೇರಿಗಳ ಹವಾನಿಯಂತ್ರಣ ಕಾಮಗಾರಿಗಳಿಗೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯಂತೆ ಟೆಂಡರ್ ಕರೆಯಲಾಗುತ್ತದೆ.

ಕಳಪೆ ಕೆಲಸದ ವಿರುದ್ಧ ಗ್ರಾಹಕರು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಬಳ್ಳಾರಿಯ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದು. ಕೆಲಸ ಮಾಡಿದವರು ಯಾರು, ಎಷ್ಟು ಹಣ ಪಡೆದರು ಎಂಬುದನ್ನು ತೋರಿಸಲು ರಸೀದಿ ಬೇಕಾಗುತ್ತದೆ. ತುಂಬಿದ ಅನಿಲದ ಹೆಸರು ಮತ್ತು ತೂಕವನ್ನೂ ಅದರಲ್ಲೇ ಬರೆಸಿಕೊಂಡರೆ ಮುಂದಿನ ಬಾರಿ ಬರುವ ತಂತ್ರಜ್ಞನಿಗೂ ಯಂತ್ರದೊಳಗೆ ಏನಿದೆ ಎಂಬುದು ತಿಳಿಯುತ್ತದೆ.