ಮೊಟ್ಟೆಯ ಬೆಲೆಯಲ್ಲಿ ಸೇರದ ಖರ್ಚು

ಅಂಗಡಿಯಲ್ಲಿ ಮೊಟ್ಟೆಗೆ ಕೊಡುವ ಹಣವೇ ಅದರ ಪೂರ್ಣ ಬೆಲೆಯೆಂದು ನಾವು ತಿಳಿಯುತ್ತೇವೆ. ಆದರೆ ಅದನ್ನು ತಿಂದು ವಾಂತಿ, ಭೇದಿ, ಜ್ವರಗಳಿಂದ ನಾಲ್ಕು ದಿನ ಮಲಗಬೇಕಾಯಿತೆನ್ನಿ. ಔಷಧದ ಖರ್ಚೂ ಕಳೆದುಹೋದ ದಿನಗೂಲಿಯೂ ಅದೇ ಮೊಟ್ಟೆಯ ಲೆಕ್ಕಕ್ಕೆ ಸೇರಬೇಕಲ್ಲವೆ? ಈ ಹೊರೆ ಯಾರ ಪಾಲಿಗೆ ಬರಬೇಕೆಂಬುದನ್ನು ಇಲ್ಲಿ ಸ್ವಲ್ಪ ವಿಚಾರ ಮಾಡೋಣ.

ಇಂಥ ಬೇನೆಯನ್ನು ತರುವ ರೋಗಾಣುಗಳಲ್ಲಿ ಸಾಲ್ಮೊನೆಲ್ಲಾ ಒಂದು. ಅದರ ಒಂದು ಬಗೆ ಕೋಳಿಯ ಅಂಡಾಶಯವನ್ನೇ ಸೇರಿ, ಚಿಪ್ಪು ಕೂಡುವ ಮೊದಲೇ ಮೊಟ್ಟೆಯೊಳಗೆ ಹೋಗಬಲ್ಲದು. ಆಗ ಹೊರಗಿನಿಂದ ಎಷ್ಟು ತೊಳೆದರೂ ಪ್ರಯೋಜನವಿಲ್ಲ. ವಿಚಿತ್ರವೆಂದರೆ, ಬೆಳೆದ ಕೋಳಿಗೆ ಇದರಿಂದ ಸಾಮಾನ್ಯವಾಗಿ ಕಾಯಿಲೆಯೇ ಕಾಣಿಸುವುದಿಲ್ಲ. ಮೊಟ್ಟೆಯನ್ನೂ ಎಂದಿನಂತೆ ಇಡುತ್ತದೆ. ಸಾಕುವವನಿಗೆ ನಷ್ಟ ತೋರದು. ಪರೀಕ್ಷೆ, ಲಸಿಕೆ, ಕೋಳಿಮನೆಯ ಶುದ್ಧಿ ಇವುಗಳಿಗೋ ಹಣ ಬೇಕು. ಒಳ್ಳೆಯ ಮೊಟ್ಟೆಯೂ ಸೋಂಕಿನ ಮೊಟ್ಟೆಯೂ ನೋಡಲು ಒಂದೇ ಆದ್ದರಿಂದ ಕೊಳ್ಳುವವನು ಹೆಚ್ಚು ಬೆಲೆ ಕೊಡನು. ಹೀಗೆ ಒಬ್ಬನೇ ಮುಂದಾಗಿ ಖರ್ಚು ಮಾಡಿದವನು ಸಂತೆಯಲ್ಲಿ ಸೋಲುತ್ತಾನೆ. ಮಾಡದವನ ತಪ್ಪಿಗೆ ರೋಗಿಯು ದಂಡ ತೆರುತ್ತಾನೆ.

ಈ ಗಂಟನ್ನು ಡೆನ್ಮಾರ್ಕ್ ದೇಶ ಬಿಡಿಸಿದ ರೀತಿ ಗಮನಿಸತಕ್ಕದ್ದು. ಅಲ್ಲಿ 1980ರ ದಶಕದ ಕೊನೆಯಲ್ಲಿ ಮಾಂಸದ ಕೋಳಿಗಳಲ್ಲಿಯೂ, 1990ರ ದಶಕದಲ್ಲಿ ಹಂದಿ ಹಾಗೂ ಮೊಟ್ಟೆಯ ಕೋಳಿಗಳಲ್ಲಿಯೂ ಸಾಲ್ಮೊನೆಲ್ಲಾ ನಿಯಂತ್ರಣಕ್ಕೆ ಕೈಹಾಕಿದರು. ತಾಯಿಕೋಳಿಯಿಂದ ಮರಿಗೆ ಸೋಂಕು ಇಳಿಯುವುದರಿಂದ, ಮರಿ ಪಡೆಯಲು ಸಾಕುವ ಹಿಂಡುಗಳಿಂದಲೇ ಪರೀಕ್ಷೆ ಆರಂಭವಾಯಿತು. ಸೋಂಕು ಕಂಡ ತಾಯಿಹಿಂಡುಗಳನ್ನು ನಾಶಮಾಡಿದರು. ಸೋಂಕಿನ ಹಿಂಡಿನ ಮೊಟ್ಟೆಗಳು ಅಂಗಡಿಗೆ ಹೋಗದೆ, ಕಾಯಿಸಿ ಶುದ್ಧಿಮಾಡುವ ಕಾರ್ಖಾನೆಗೆ ಹೋಗಬೇಕಾಯಿತು. ನಿಯಮ ಎಲ್ಲರಿಗೂ ಒಂದೇ ಆದಕಾರಣ ಪ್ರಾಮಾಣಿಕನೊಬ್ಬನೇ ನಷ್ಟಪಡುವ ಪ್ರಸಂಗ ತಪ್ಪಿತು.

ಲೆಕ್ಕ ಹೇಗಾಯಿತು? 2001ರಲ್ಲಿ ಈ ಇಡೀ ಕೆಲಸಕ್ಕೆ ತಗಲಿದ ವೆಚ್ಚ 1 ಕೋಟಿ 41 ಲಕ್ಷ ಡಾಲರು. ಅದನ್ನು ಬಹುಮಟ್ಟಿಗೆ ಉದ್ಯಮವೇ ಹೊತ್ತಿತು. ಆ ವರ್ಷ ಸಮಾಜಕ್ಕೆ ಆದ ಉಳಿತಾಯ 2 ಕೋಟಿ 55 ಲಕ್ಷ ಡಾಲರೆಂದು ತಜ್ಞರು ಅಂದಾಜು ಮಾಡಿದರು. ಕೋಳಿಮಾಂಸಕ್ಕಾಗಲಿ ಮೊಟ್ಟೆಗಾಗಲಿ ಕಿಲೋ ಒಂದಕ್ಕೆ ಬಿದ್ದ ವೆಚ್ಚ 2 ಸೆಂಟು. ಕಿಲೋಗೆ ಹದಿನಾರು ಮೊಟ್ಟೆಯೆಂದು ಹಿಡಿದರೆ, ಮೊಟ್ಟೆಯೊಂದಕ್ಕೆ ಸೆಂಟಿನ ಎಂಟನೆಯ ಒಂದು ಪಾಲು! ಎಲ್ಲರೂ ಹಂಚಿಕೊಂಡರೆ ಕಾಣದಷ್ಟು ಸಣ್ಣದಾಗುವ ಈ ಖರ್ಚು, ಹಂಚದೆ ಬಿಟ್ಟರೆ ಕಾಯಿಲೆ ಬಿದ್ದವನೊಬ್ಬನ ತಿಂಗಳ ಸಂಬಳವನ್ನೇ ಅಲುಗಿಸುತ್ತದೆ.

ಇದು ಸರಕಾರವೂ ಉದ್ಯಮವೂ ಕೂಡಿ ಮಾಡುವ ಕಾರ್ಯ. ಕೋಣೆಯಲ್ಲಿ ಕೈಯಡಿಗೆ ಮಾಡಿಕೊಳ್ಳುವವರ ಕೈಯಲ್ಲಿರುವುದು ಇಷ್ಟು: ಹಳದಿ ಗಟ್ಟಿಯಾಗುವವರೆಗೆ ಮೊಟ್ಟೆಯನ್ನು ಬೇಯಿಸುವುದು, ಹಸಿ ಮಾಂಸ ಕೊಯ್ದ ಚಾಕುವನ್ನು ಸಾಬೂನಿನಿಂದ ತೊಳೆಯದೆ ಸೌತೆಕಾಯಿಗೆ ಹಚ್ಚದಿರುವುದು. ಇದಕ್ಕೆ ಬೀಳುವ ಖರ್ಚು ಸ್ವಲ್ಪ ಉರಿ, ಸ್ವಲ್ಪ ಸಾಬೂನು.